ಹಳೇ ಮಾಳಗಿ ಮನಿ ಬಿಚ್ಚಾಕ ಯಾವ ಹಾರಿ? 18 ಇಂಚೋ, 30 ಇಂಚೋ, ಕುಲುಮ್ಯಾಗ ಮಾಡಿಸಿದ್ದೋ?

ಬೆಟಗೇರಿ ಬಾಗಲಾ:
ನಮಸ್ಕಾರ್ರಿ ಎಲ್ಲಾರಿಗೂ. ಬೆಟಗೇರಿಯೊಳಗ ಒಂದು ಹಳೇ ಮಾಳಗಿ ಮನಿ, ಅಂದ್ರ ಜಂತಿ ಮ್ಯಾಲ ಮಣ್ಣು ಹಾಕಿದ ಚಪ್ಪಟ ಛತ್ತಿಂದು, ಬಿಚ್ಚೂದೈತಿ. ಒಡಿಯೂದಲ್ಲ, ಬಿಚ್ಚೂದು. ತೇಗಿನ ಚೌಕಟ್ಟು 5, ಜಂತಿ 22, ಪಡಸಾಲ್ಯಾಗ ನೆಲಕ್ಕ ಹಾಸಿದ ಶಹಾಬಾದ್ ಫರ್ಸಿ ಕಲ್ಲು, ಹಿಂದ ಅಡಗಿಮನಿ ಮ್ಯಾಲ ಮಂಗಳೂರು ಹಂಚು. ಗ್ವಾಡಿ ಮಣ್ಣಿನ್ವು. ಕಟ್ಟಿಗಿ, ಫರ್ಸಿ ಎಷ್ಟು ಉಳೀತಾವೋ ಅಷ್ಟನ್ನೂ ಹೊಸಾ ಮನಿಗೆ ಹಾಕಬೇಕು.

ಆನ್‌ಲೈನ್‌ದಾಗ ಒಂದು ಹಾರಿ (ಮೀಟಾಕ ಹಾಕೂ ಕಬ್ಬಿಣದ ಸಾಮಾನು) ಕಣ್ಣಿಗೆ ಬಿತ್ತು. ಒಂದ್ಕಡೆ ಸುತ್ತಿಗಿ ಮಾರಿ, ಅದರ ಮಗ್ಗಲಕ ಪಾನಾ ಬಾಯಿ ತಗದಂಗ ದವಡಿ, ಮೊಳಿ ಕೀಳಾಕ ಸೀಳು, ಇನ್ನೊಂದ್ಕಡೆ ಚಪ್ಪಟ ಚಾಣದ ಮೂತಿ. ನಾಕು ಸಾಮಾನಿನ ಕೆಲಸ ಒಂದರಾಗ ಅಂತಾರ. ಇದು ನಮ್ಮ ಮನಿಗಳಿಗೆ ನಡೀತೈತೇನು? 18 ಇಂಚಿಂದು ಸಾಕೋ, 30 ಇಂಚಿಂದು ಬೇಕೋ? ಇಲ್ಲಾ ಉಳದಿರೂ 20 ಎಂಎಂ ಟಿಎಂಟಿ (ಕಾಂಕ್ರೀಟಿಗೆ ಹಾಕೂ ಸರಳು) ತುಂಡು ಕೊಟ್ಟು ಕುಲುಮ್ಯಾಗ ಮಾಡಿಸಿಬಿಡಲ್ಯೋ?

ಬ್ಯಾಡಗಿ ಕಡ್ಡಿ:
ಜೆಸಿಬಿ ಕರಸ್ರಿ. ಅರ್ಧಾ ತಾಸಿನ ಕೆಲಸ.

ಬೆಟಗೇರಿ ಬಾಗಲಾ:
"ಬಿಚ್ಚೂದು" ಅಂತ ಬರದೀನ್ರಿ ಸಾಹೇಬ್ರ.

ಉಣಕಲ್ ದಂಡಿ:
ನೀವು ನೋಡಿದ್ದು ಸ್ಟ್ಯಾನ್ಲಿಯ ಫ್ಯೂಬಾರ್ ಇರಬೇಕು, ಇಲ್ಲಾ ಅದನ್ನ ನೋಡಿ ಮಾಡಿದ್ದು. 18 ಇಂಚು, 30 ಇಂಚು ಎರಡೂ ಬರ್ತಾವು. 30ರದ್ದು ಹತ್ತತ್ರ 4 ಕೆಜಿ ತೂಗತೈತಿ. ನಿಂತು ಕೆಲಸ ಮಾಡೂಮುಂದ ಅದು ಛಲೋ. ಆದ್ರ ನಿಚ್ಚಣಿಕಿ ಮ್ಯಾಲ ಒಂದ ಕೈಯಾಗ ಹಿಡ್ಯಾಕ ಬರೂದಿಲ್ಲ.

ಒಂದು ವಿಷಯ ಯಾರೂ ಹೇಳೂದಿಲ್ಲ. ಆ ದವಡಿ ಮಾಡಿದ್ದು ಅಮೆರಿಕದ ಟೂ-ಬೈ ಕಟ್ಟಿಗಿ ಲೆಕ್ಕದಾಗ. ಅಲ್ಲಿ ಎರಡಿಂಚು ಅಂತ ಕರದ್ರೂ ರಂದಾ ಹೊಡದ ಮ್ಯಾಲ ಉಳಿಯೂದು ಒಂದೂವರಿ ಇಂಚು, 38 ಎಂಎಂ. ಅಲ್ಲಿ ಗ್ವಾಡಿನೂ ಅದ ಕಟ್ಟಿಗೀದು, ಹಿಡದು ತಿರುವಿದ್ರ ಬಿಚ್ಚತೈತಿ. ನಮ್ಮ ಚೌಕಟ್ಟು 4×3, 5×3 ಇರ್ತಾವು, ಜಂತಿ ಅಂದ್ರ ಕೇಳೂದ ಬ್ಯಾಡ. ಅವು ಯಾವೂ ಆ ದವಡ್ಯಾಗ ಹೋಗೂದಿಲ್ಲ. ನಿಮಗ ಆ ದವಡಿ ಉಪಯೋಗ ಬೀಳೂದು ಹಂಚಿನ ಕೆಳಗಿನ ರೀಪಿಗೆ ಮತ್ತ ಹಲಗಿಗೆ ಅಷ್ಟ.

ರಾಣೆಬೆನ್ನೂರ ರೀಪು:
ಅಷ್ಟ ಅಂತ ಹಗುರಾಗಿ ಅನಬ್ಯಾಡ್ರಿ, ರೀಪು ಬಿಚ್ಚಾಕ ಅದರಂಥಾದ್ದು ಮತ್ತೊಂದಿಲ್ಲ. ಸಾದಾ ಹಾರಿ ಹಾಕಿ ಮೀಟಿದ್ರ 2×1 ರೀಪು ಹತ್ತಕ್ಕ ಆರು ಮೊಳಿ ಹಂತ್ಯಾಕ ಸೀಳತಾವು. ದವಡ್ಯಾಗ ಹಿಡದು ತಿರುವಿದ್ರ ಮೊಳಿನೂ ರೀಪಿನ ಜೋಡಿ ಮ್ಯಾಲ ಬರ್ತೈತಿ. ಹಿಡಿಯೂ ಜಾಗಾ ಮಾತ್ರ ಮುಖ್ಯ. ಪಕಾಸಿಗೆ (ರೀಪಿನ ಕೆಳಗಿನ ಇಳಿಜಾರು ಕಟ್ಟಿಗಿ) ಮೊಳಿ ಹೊಡದಲ್ಲಿಂದ ಎರಡ್ಮೂರು ಇಂಚಿನ ಒಳಗ ಹಿಡೀಬೇಕು. ಎರಡು ಪಕಾಸಿ ನಡುವ ಹಿಡದು ತಿರುವಿದ್ರ ರೀಪು ಅಲ್ಲೇ ಲಟಕ್ ಅಂತ ಮುರೀತೈತಿ.

ಹಂಚು ಮೊದಲು ತಗೀರಿ, ಕೋಡಹಂಚಿನಿಂದ ಶುರು ಮಾಡಿ ಕೆಳಗ ಇಳೀರಿ. ಕೆಳಗಿಂದ ತಗದ್ರ ಮ್ಯಾಲಿನ ಸಾಲು ಜಾರಿ ಬರ್ತೈತಿ.

ಕುಲುಮಿ ಕಿಡಿ:
ಟಿಎಂಟಿ ಬ್ಯಾಡ. ಬ್ಯಾಡ ಅಂದ್ರ ಬ್ಯಾಡ.

ಕಾರಣಾ ಹೇಳ್ತೀನಿ. ಟಿಎಂಟಿ ಗಟ್ಟಿ ಅನಸೂದು ಅದರ ಸಿಪ್ಪಿಯಿಂದ. ರೋಲಿಂಗ್ ಮಿಲ್ಲಿನ್ಯಾಗ ಕೆಂಪಗ ಇದ್ದಾಗ ನೀರು ಹೊಡದು ಮ್ಯಾಲಿನ ಪದರಾ ಗಟ್ಟಿ ಮಾಡಿರ್ತಾರ, ಒಳಗ ತಿರುಳು ಮೆತ್ತಗ ಇರ್ತೈತಿ. ಕಟ್ಟಡದ ಕಾಲಮ್ಮಿಗೆ ಅದ ಬೇಕು, ಬಾಗಬೇಕು, ಮುರೀಬಾರದು. ನೀವು ಅದನ್ನ ಕುಲುಮ್ಯಾಗ ಹಾಕಿ ಕೆಂಪ ಮಾಡಿ ಮೂತಿ ಬಡದ್ರ ಆ ಗಟ್ಟಿ ಸಿಪ್ಪಿ ಅಲ್ಲೇ ಸತ್ತಹೋಗತೈತಿ. ಇಂಗಾಲ ಕಾಲು ಪರ್ಸೆಂಟಿನ ಆಸುಪಾಸು ಇರೂದ್ರಿಂದ ಮತ್ತ ನೀರಾಗ ಅದ್ದಿದ್ರೂ ಹಾರಿಗೆ ಬೇಕಾದಷ್ಟು ಕಾವು (ಗಡಸುತನ) ಹಿಡಿಯೂದಿಲ್ಲ. ಎರಡನೇ ದಿನಕ್ಕ ಮೂತಿ ನಾಯಿ ನಾಲಿಗಿ ಹಂಗ ಬಾಗಿರ್ತೈತಿ.

ಕುಲುಮ್ಯಾಗ ಮಾಡಿಸೂದಿದ್ರ ಎರಡು ಸಾಮಾನು. ಒಂದು, ಲಾರಿ ಇಲ್ಲಾ ಟೆಂಪೋದ ಕಮಾನಪಟ್ಟಿ. ಅದು ಸ್ಪ್ರಿಂಗ್ ಸ್ಟೀಲ್, ಇಂಗಾಲ ಅರ್ಧಾ ಪರ್ಸೆಂಟಿಗಿಂತ ಮ್ಯಾಲ. ಎರಡು, ಐದು ಫೂಟಿನ ಉದ್ದ ಹಾರಿಗೆ ಇಎನ್8 (ಮಧ್ಯಮ ಇಂಗಾಲದ ಉಕ್ಕು) ಸರಳು, ಎಂಟು ಮೂಲಿದು ಸಿಕ್ರ ಇನ್ನೂ ಛಲೋ, ಕೈಯಾಗ ತಿರುಗೂದಿಲ್ಲ.

ಕಮಾನಪಟ್ಟಿ ತಗೊಳೂಮುಂದ ಹಳೇದು ಅಂತ ಮರೀಬ್ಯಾಡ್ರಿ. ಲಕ್ಷಾಂತರ ಸಲ ಬಾಗಿ ಬಂದಿದ್ದು ಅದು, ಕಣ್ಣಿಗೆ ಕಾಣದ ಬಿರುಕು ಇರ್ತಾವು. ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡ್ರಿ, ಒಣಾ ಅರಬಿಯಿಂದ ಪೂರಾ ಒರಸ್ರಿ, ಮ್ಯಾಲ ಖಡುವಿನ (ಸೀಮೆಸುಣ್ಣದ) ಪುಡಿ ಸವರ್ರಿ. ಬಿರುಕು ಇದ್ರ ಡೀಸೆಲ್ ಹೊರಗ ಒಸರಿ ಪುಡಿ ಮ್ಯಾಲ ಕರೀ ಗೆರಿ ಮೂಡತೈತಿ. ನಡುವಿನ ಬೋಲ್ಟಿನ ತೂತಿನ ಸುತ್ತಮುತ್ತ ಮೊದಲು ನೋಡ್ರಿ, ಬಿರುಕು ಭಾಳ ಮಾಡಿ ಅಲ್ಲೇ ಹುಟ್ಟತೈತಿ. ಆ ತೂತು ಹಾರಿಯೊಳಗ ಬರದಂಗ ಪಟ್ಟಿ ಕತ್ತರಸೂದು ಎಲ್ಲಾದ್ರಕಿಂತ ಛಲೋ.

ಜಂತಿ ಲೆಕ್ಕಾ:
ಹಾರಿ ಮಾತು ಆಮ್ಯಾಲ ಮಾಡೂಣ್ರಿ. ಮಾಳಗಿ ಮ್ಯಾಲಿನ ಮಣ್ಣಿನ ಬಗ್ಗೆ ಒಬ್ಬರೂ ಕೇಳಲಿಲ್ಲಲ್ಲ?

ಮಾಳಗಿಗೆ ಹಾಸೂ ಹಾಳಮಣ್ಣು 9 ಇಂಚು ಅಂತ ಹಿಡೀರಿ. ಒಣಗಿದ್ದಾಗ ಚದರ ಫೂಟಿಗೆ 34 ಕೆಜಿ ಹತ್ರ ಬರ್ತದ. 10×12ರ ಒಂದು ಖೋಲಿ ಮ್ಯಾಲ 4 ಟನ್ನು. ಮಳಿ ಬಿದ್ದು ನೀರು ಕುಡದಿದ್ರ ಇನ್ನೂ ಜಾಸ್ತಿ. ಅದು ಮ್ಯಾಲ ಇರೂತನಕ ಕೆಳಗ ಒಂದು ಚೌಕಟ್ಟಿಗೂ, ಒಂದು ಕಂಬಕ್ಕೂ ಹಾರಿ ಮುಟ್ಟಸಬಾರದು. ಮೊದಲು ಮಣ್ಣು ಇಳಸ್ರಿ. ಇಳಸೂಮುಂದ ಜಂತಿಯ ನಡುಭಾಗದಿಂದ ತಗೋತ ಎರಡೂ ಗ್ವಾಡಿ ಕಡೆ ಸರೀರಿ. ತಗದ ಮಣ್ಣು ಮಗ್ಗಲ ಖೋಲಿ ಮಾಳಗಿ ಮ್ಯಾಲ ಗುಡ್ಡಿ ಹಾಕಬ್ಯಾಡ್ರಿ, ಅದೂ ಅಷ್ಟ ಹಳೇದು. ನಿಲ್ಲೂ ಮಂದಿ ಮೂರು ಜಂತಿ ಮ್ಯಾಲ ಅಡ್ಡ ಹಲಗಿ ಹಾಕಿ ಅದರ ಮ್ಯಾಲ ನಿಲ್ಲಬೇಕು. ಜಂತಿ ನಡುವ ಹಾಸಿದ ಸಣ್ಣ ಕಟ್ಟಿಗಿ ಚಿಲಕಿ ಮ್ಯಾಲ, ಬೊಂಬಿನ ಮ್ಯಾಲ ನಿಂತ್ರ ಕಾಲು ಕೆಳಗ.

ಬೆಟಗೇರಿ ಬಾಗಲಾ:
ಇದು ತಲ್ಯಾಗ ಇರಲೇ ಇಲ್ಲರಿ. ಬಾಗಲಾ ಮೊದಲು ತಗೀಬೇಕು ಅಂತ ಇದ್ವಿ.

ಜಂತಿ ಲೆಕ್ಕಾ:
ಬಾಗಲಾ ಅಂದ್ರ ಕದ ತಗೀರಿ, ಅಡ್ಡಿಲ್ಲ. ಚೌಕಟ್ಟು ಕಡೀಕ. ನಿಮ್ಮ ಕಡೆ ಎರೆ ಭೂಮಿ, ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಬಿರಿತದ, ಬುನಾದಿ ಮ್ಯಾಲ ಕೆಳಗ ಆಡ್ತದ. ಹಂಗಾಗಿ ಹಳೇ ಚೌಕಟ್ಟು ಮೂಲಿ ತಪ್ಪಿರ್ತಾವ. ಟೇಪು ಹಿಡದು ಕರ್ಣಾ ಅಳೀರಿ, ಮ್ಯಾಲಿನ ಎಡಮೂಲಿಯಿಂದ ಕೆಳಗಿನ ಬಲಮೂಲಿಗೆ, ಆಮ್ಯಾಲ ಇನ್ನೊಂದು. ಎರಡರ ನಡುವ ಅರ್ಧಾ ಇಂಚಿಗಿಂತ ಜಾಸ್ತಿ ಫರಕ ಬಂದ್ರ ಮ್ಯಾಲಿನ ಗ್ವಾಡಿ ಆ ಚೌಕಟ್ಟಿನ ಮ್ಯಾಲ ಕೂತದ ಅಂತ ತಿಳೀರಿ. ಅಂಥಾದ್ದಕ್ಕ ಹಾರಿ ಹಾಕಿದ್ರ ಬಿಲ್ಲಿನಗತೆ ಸಿಡೀತದ. ಮೊದಲು ಎರಡೂ ಮಗ್ಗಲಕ ಟೇಕು (ಆಸರದ ಕಂಬ) ಕೊಡ್ರಿ, ಮ್ಯಾಲಿನ ಗ್ವಾಡಿ ಸಾಲು ಸಾಲಾಗಿ ಇಳಸ್ರಿ, ಚೌಕಟ್ಟು ತಾನ ಸಡಲಾಗ್ತದ.

ಉಣಕಲ್ ದಂಡಿ:
ಎಲ್ಲಾ ಖರೇ, ಆದ್ರ ಪ್ರಶ್ನೆ ಹಾರೀದಿತ್ತು. 30 ಇಂಚು ಅಂತೀನಿ ನಾನು. ಸೀದಾ ಲೆಕ್ಕಾ. ಮೂತಿಯಿಂದ 2 ಇಂಚಿಗೆ ಆನಿಕಿ (ಹಾರಿ ಆನಿಸಿ ಮೀಟೂ ಆಸರ) ಇಟ್ರ ಹಿಂದ 28 ಇಂಚು ಉಳೀತೈತಿ, ಅಂದ್ರ 14 ಪಟ್ಟು. 25 ಕೆಜಿ ಜಗ್ಗಿದ್ರ ಮೂತ್ಯಾಗ 350 ಕೆಜಿ. 18 ಇಂಚಿಂದು 8 ಪಟ್ಟು, ಬರೇ 200.

ಫರ್ಸಿ ಕೆಲಸದಾಂವ:
ಅದ ತಪ್ಪು ನೋಡ್ರಿ. 350 ಕೆಜಿ ಬೇಕಾಗೂದು ಒಡ್ಯಾಕ. ಉಳಸಾಕ ಏನು ಬೇಕು, ಸಣ್ಣ ಮೂತಿ ಮತ್ತ ಸಮಾಧಾನ. ಆ ಬಹುಪಯೋಗಿ ಹಾರಿ ಮೂತಿ ದಪ್ಪ, ಫರ್ಸಿ ಸಂದ್ಯಾಗ ಹೋಗೂದಿಲ್ಲ. ಹೋಗ್ಲಿ ಅಂತ ಸುತ್ತಿಗೀಲೆ ಬಡದ್ರ ಫರ್ಸಿ ಅಂಚು ಚಕ್ಕಿ ಏಳ್ತೈತಿ. ಶಹಾಬಾದ್ ಕಲ್ಲು ಪದರ ಪದರ ಇರೂದು, ಅಂಚು ಒಮ್ಮೆ ಚಕ್ಕಿ ಎದ್ರ ಮತ್ತ ಕೂಡಸಾಕ ಬರೂದಿಲ್ಲ.

ಶುರು ಮಾಡೂದು ಗ್ವಾಡಿ ಮಗ್ಗಲಿಂದ, ಇಲ್ಲಾ ಮೊದಲ ಒಡದಿರೂ ಒಂದು ಕಲ್ಲಿಂದ. ಆ ಒಂದನ್ನ ಬಲಿ ಕೊಟ್ಟು ಪೂರಾ ಒಡದು ತಗೀರಿ, ಮಗ್ಗಲ ಕಲ್ಲಿನ ಹೊಟ್ಟಿ ಕಾಣ್ತೈತಿ. ಸಂದಿನ ಗಾರಿ ಹಳೇ ಕರಗಸದ ತುಂಡಿಲೆ ಕೆರದು ಖಾಲಿ ಮಾಡ್ರಿ. ಆಮ್ಯಾಲ ಕಮಾನಪಟ್ಟಿಯ ಅಗಲ ಮೂತಿ ಕಲ್ಲಿನ ಕೆಳಗ ಪೂರಾ 3 ಇಂಚು ಒಳಗ ಹೋಗಬೇಕು, ಮೀಟೂದು ಆಮ್ಯಾಲ. ಬರೇ ಅಂಚಿಗೆ ಹಚ್ಚಿ ಮೀಟಿದ್ರ ಅಂಚು ಅಷ್ಟ ಕೈಗೆ ಬರ್ತೈತಿ. ಎರಡು ಫೂಟ ಚೌಕದ್ದು ಒಂದಿಂಚು ದಪ್ಪದ ಕಲ್ಲು 23-24 ಕೆಜಿ ಇರ್ತೈತಿ. ಒಬ್ಬರು ಮೀಟಬೇಕು, ಇನ್ನೊಬ್ಬರು ಕಟ್ಟಿಗಿ ಬೆಣಿ ಸರಸಬೇಕು. ಕೈ ಸರಸೂದಲ್ಲ, ಬೆಣಿ.

ಸುಣ್ಣದ ಗಾರಿ ಮ್ಯಾಲ ಕೂಡಿಸಿದ್ದಿದ್ರ ನೂರಕ್ಕ ಎಂಬತ್ತು ಉಳೀತಾವು ಅನ್ನಬಹುದು. ಆಮ್ಯಾಲ ಯಾರರ ಸಿಮೆಂಟ್ ಘೋಳ ಹಾಕಿ ಕೂಡಿಸಿದ್ರ ಆಸೆ ಬಿಡ್ರಿ.

ಜಂತಿ ಲೆಕ್ಕಾ:
ದಂಡಿಯವರ ಲೆಕ್ಕ ಬರೋಬ್ಬರಿ ಅದ, ಆದ್ರ ಅರ್ಧಾ ಅದ. ಮೂತ್ಯಾಗ 350 ಇದ್ರ ಆನಿಕಿ ಮ್ಯಾಲ 375 ಬೀಳ್ತದ, ನಿಮ್ಮ ಕೈ 25 ಅದಕ್ಕ ಕೂಡ್ತದ. ಆ ಆನಿಕಿ ಯಾವುದು? ಭಾಳ ಮಂದಿ ಚೌಕಟ್ಟಿನ ಮೈ ಇಲ್ಲಾ ಫರ್ಸಿ ಅಂಚನ್ನ ಆನಿಕಿ ಮಾಡ್ಕೋತಾರ. ಅಂದ್ರ ತಗೀಬೇಕಾದ್ದಕ್ಕಿಂತ ಜಾಸ್ತಿ ಭಾರ ಉಳಸಬೇಕಾದ್ದರ ಮ್ಯಾಲ! ತೇಗಿನ ಮ್ಯಾಲ ಹಾರಿ ಬೆನ್ನು ಮೂಡಿದ ತೆಗ್ಗು ರಂದಾ ಹೊಡದ್ರೂ ಹೋಗೂದಿಲ್ಲ. ಒಂದು ಫೂಟ ಉದ್ದದ, 4 ಇಂಚು ಅಗಲದ ಜಾಲಿ ಕಟ್ಟಿಗಿ ಗಟ್ಟಿ (ದಪ್ಪ ತುಂಡು) ಕಾಯಂ ಜೋಡಿ ಇಟ್ಟಿರ್ರಿ, ಹಾರಿ ಕೆಳಗ ಅದು ಇಲ್ಲದ ಒಂದು ಮೀಟೂ ಮೀಟಬ್ಯಾಡ್ರಿ.

ಇನ್ನೊಂದು, 14 ಪಟ್ಟು ಬಲ ಬಂತು ಅಂದ್ರ 14 ಪಟ್ಟು ದಾರಿ ಹೋತು. ಕೈ 14 ಇಂಚು ಇಳದ್ರ ಮೂತಿ ಏಳೂದು ಒಂದಿಂಚು. ಅದಕ್ಕ ಮೂತಿ ಒಂದಿಂಚು ಎದ್ದ ಕೂಡ್ಲೆ ಬೆಣಿ ಕೊಟ್ಟು, ಆನಿಕಿ ಎತ್ತರ ಮಾಡಿ, ಮತ್ತ ಹಾಕಬೇಕು.

ಬ್ಯಾಡಗಿ ಕಡ್ಡಿ:
ಹಾರಿಗೆ ಪೈಪು ಸಿಗಸಿ ಉದ್ದ ಮಾಡ್ಕೊಂಡ್ರ?

ಕುಲುಮಿ ಕಿಡಿ:
ಆಗ್ತೈತಿ. ಮೂತಿ ಮುರದು ಮಾರಿಗೆ ಬರಾಕ ಭಾಳ ಅನುಕೂಲ ಆಗ್ತೈತಿ.

ಹಾರಿ ಉದ್ದ ಎಷ್ಟಿರಬೇಕು ಅಂತ ಮಾಡಿದಾಂವ ಅದರ ದಪ್ಪ ನೋಡಿ ಇಟ್ಟಿರ್ತಾನ. ಪೈಪು ಹಾಕೂ ಪ್ರಸಂಗ ಬಂತಂದ್ರ ಆ ಕೆಲಸಕ್ಕ ಐದು ಫೂಟಿಂದು ಬೇಕು ಅಂತ ಅರ್ಥ. ಅದರ ತೂಕಾ ಹೇಳ್ತೀನಿ, ಹುಬ್ಬಳ್ಳಿ ಗೋಕುಲ ರೋಡಿನ ಯಾವ ಕಬ್ಬಿಣದ ಅಂಗಡ್ಯಾಗ ಕೇಳಿದ್ರೂ ಇದ ಸೂತ್ರ ಹೇಳ್ತಾರ. ಎಂಎಂ ಲೆಕ್ಕದ ದಪ್ಪನ ವರ್ಗಾ ಮಾಡಿ 162ರಿಂದ ಭಾಗಿಸಿದ್ರ ಮೀಟರಿಗೆ ಎಷ್ಟು ಕೆಜಿ ಅಂತ. 25 ಎಂಎಂ ಸರಳು ಐದು ಫೂಟಿಗೆ 5.9 ಕೆಜಿ, 28ರದ್ದು 7.4, 32ರದ್ದು 9.6. ದಿನಪೂರ್ತಿ ಎತ್ತಿ ಇಳಸಾಕ 28 ಸಾಕು. 32 ಹಿಡದಾಂವ ಮಧ್ಯಾಹ್ನದ ಊಟ ಆದಮ್ಯಾಲ ಎದ್ದು ಬರೂದಿಲ್ಲ.

ಸಾಧನಕೇರಿ ಓದುಗ:
ನಡುವ ಬಾಯಿ ಹಾಕ್ತೀನಿ, ಕ್ಷಮಾ ಇರ್ಲಿ. ಎಲ್ಲಾರೂ ಹಾರಿ ಅಂತೀರಿ. ಮೈಸೂರು ಕಡೆ ಇದಕ್ಕ ಗಡಾರಿ ಅಂತಾರ. ಹಿಂದಿಯವರು ಸಬ್ಬಲ್, ಮರಾಠಿಯವರು ಪಹಾರ. ಗ್ರಂಥದ ಕನ್ನಡದೊಳಗ ಹಾರೆ. ಆದ್ರ ಈ ಸುತ್ತಿಗಿ, ದವಡಿ ಎಲ್ಲಾ ಇರೂ ಹೊಸಾ ಸಾಮಾನಿಗೆ ಕನ್ನಡದೊಳಗ ಹೆಸರ ಇಲ್ಲಲ್ಲ? ಮೀಟುಗೋಲು ಅಂದ್ರ ಹೆಂಗ?

ಬ್ಯಾಡಗಿ ಕಡ್ಡಿ:
ಮೀಟುಗೋಲು ಅಂತ ಅಂಗಡ್ಯಾಗ ಕೇಳ್ರಿ, ತಂಬೂರಿ ಅಂಗಡಿ ದಾರಿ ತೋರಸ್ತಾರ.

ರಾಣೆಬೆನ್ನೂರ ರೀಪು:
ಬಡಿಗೇರ ಮಂದಿ ಸಣ್ಣದಕ್ಕ ಮೊಳಿಕಿತ್ತ ಅಂತಾರ, ದೊಡ್ಡದಕ್ಕ ಸನ್ನಿ ಅಂತಾರ. "ಸನ್ನಿ ಕೊಡು" ಅಂದ್ರ ಸಾಕು. ಹೆಸರು ಹೊಸಾದು ಬೇಕಿಲ್ಲ.

ನಿಯಮದ ಪ್ರಕಾರ:
ಕೆಲವು ಸುರಕ್ಷತೆಯ ಮಾತುಗಳು ಬಿಟ್ಟುಹೋಗಿವೆ, ಹೇಳಲೇಬೇಕು.

ಹಾರೆಯ ರಬ್ಬರ್ ಹಿಡಿ ಕೈ ಜಾರದಿರಲಿ ಎಂದು ಇರುವುದು, ಕರೆಂಟ್ ತಡೆಯಲು ಅಲ್ಲ. ಮೇನ್ ಸ್ವಿಚ್ ತೆಗೆದರೆ ಸಾಕು ಎಂದುಕೊಳ್ಳಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನ್ ಜೀವಂತವಾಗಿಯೇ ಇರುತ್ತದೆ. ಬ್ಯಾಟರಿಯ ತಂತಿ ಕಳಚಿ, ಆಮೇಲೆ ಟೆಸ್ಟರ್ ಹಿಡಿದು ಪ್ರತಿ ಪಾಯಿಂಟ್ ನೋಡಿ. ಮೀಟರಿನ ಸಂಪರ್ಕವನ್ನೇ ತೆಗೆಸಿಕೊಂಡು ಕೆಲಸ ಶುರು ಮಾಡುವುದು ಸರಿಯಾದ ಕ್ರಮ.

ಹಾರೆಯ ಮೇಲೆ ಸುತ್ತಿಗೆಯಿಂದ ಹೊಡೆಯುವುದು ಇನ್ನೊಂದು ತಪ್ಪು. ಎರಡೂ ಗಡಸು ಉಕ್ಕು. ಗಡಸಿನ ಮೇಲೆ ಗಡಸು ಬಿದ್ದರೆ ಚೂರು ಗುಂಡಿನಂತೆ ಹಾರುತ್ತದೆ, ಕಣ್ಣಿಗೇ ಹೋಗುತ್ತದೆ. ಹೊಡೆಯಲೆಂದೇ ತಲೆ ಮಾಡಿರುವ ಹಾರೆಯಾದರೆ ಮಾತ್ರ ಹೊಡೆಯಿರಿ, ಕನ್ನಡಕ ಹಾಕಿಕೊಂಡೇ.

ಅಡಿಗೆಮನೆಯ ಹಿಂದೆ ಎಲ್ಲಾದರೂ ಹಳೆಯ ಸಿಮೆಂಟ್ ಶೀಟ್ ಇದ್ದರೆ ಅದಕ್ಕೆ ಹಾರೆ ಮುಟ್ಟಿಸಬೇಡಿ. ಹಳೆಯವುಗಳಲ್ಲಿ ಕಲ್ನಾರು ಇರುತ್ತದೆ, ಒಡೆದರೆ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಹಾಕಿ ತೋಯಿಸಿ, ಜೆ-ಹುಕ್ಕಿನ ನಟ್ ಬಿಚ್ಚಿ, ಇಡಿಯಾಗಿ ಇಳಿಸಿ.

ಉಣಕಲ್ ದಂಡಿ:
ಸುತ್ತಿಗಿ ಮಾರಿ ಬಗ್ಗೆ ನಾನೂ ಒಪ್ತೀನಿ. ಆ ಹಾರಿ ಮ್ಯಾಲಿನ ಸುತ್ತಿಗಿ ಘಣದ ಕೆಲಸಕ್ಕಲ್ಲ. ಕಟ್ಟಿಗಿ ಗೂಟಾ ಹೊಡ್ಯಾಕ, ಗಿಲಾವು ಬಡದು ಉದರಸಾಕ, ಅಂಟಿದ ಹಲಗಿ ಒಳಗಿಂದ ಬಡದು ಎಬ್ಬಸಾಕ ಸರಿ. ಕಲ್ಲಿಗೆ ಹೊಡದ್ರ ಜುಮ್ ಅಂತ ಮೊಣಕೈ ತನಕ ಬರ್ತೈತಿ. ಸುತ್ತಿಗಿಗೆ ಕಟ್ಟಿಗಿ ಹಿಡಿಕಿ ಇರೂದು ಸುಮ್ನ ಅಲ್ಲ.

ಬೆಟಗೇರಿ ಬಾಗಲಾ:
ಚೌಕಟ್ಟಿನ ಬಗ್ಗೆ ಇನ್ನೊಂದೀಟು ಬಿಡಸಿ ಹೇಳ್ರಿ. ಮ್ಯಾಲಿನ ಗ್ವಾಡಿ ಇಳಸಿದ ಮ್ಯಾಲ ಹಾರಿ ಎಲ್ಲಿ ಹಾಕೂದು? ಎರಡು ಚೌಕಟ್ಟು ಆಮ್ಯಾಲ ಕೂಡಿಸಿದ್ವು, ಸಿಮೆಂಟ್ ಕಾಣ್ತೈತಿ. ಉಳದ ಮೂರು ಮೊದಲಿನ್ವು.

ರಾಣೆಬೆನ್ನೂರ ರೀಪು:
ಎರಡಕ್ಕೂ ದಾರಿ ಬ್ಯಾರೆ.

ಸಿಮೆಂಟಿನ ಎರಡೂ ಚೌಕಟ್ಟು ಹೋಲ್ಡ್‌ಫಾಸ್ಟ್ ಮ್ಯಾಲ ನಿಂತಿರ್ತಾವು, ಕಬ್ಬಿಣದ ಪಟ್ಟಿ, ಒಂದೊಂದು ಮಗ್ಗಲಕ ಮೂರು. ಅವನ್ನ ಕಾಂಕ್ರೀಟಿನ್ಯಾಗ ಹೂತಿರ್ತಾರ. ಇಲ್ಲಿ ಹಾರಿ ಹಾಕಿ ಜಗ್ಗೂದು ದಡ್ಡತನ. ಪಟ್ಟಿ ಬರೂದಿಲ್ಲ, ಚೌಕಟ್ಟಿನ ಕಂಬ ಮೂಲಿ ಸಂದ್ಯಾಗ ಸೀಳತೈತಿ. ಗಿಲಾವು ಒಂದೂವರಿ ಇಂಚು ಅಗಲಕ್ಕ ಕೆರದು ಪಟ್ಟಿ ಹುಡಕ್ರಿ. ತಳದಿಂದ ಒಂದು ಫೂಟಿನ ಮ್ಯಾಲ ಒಂದು, ನಡುವ ಒಂದು, ಮ್ಯಾಲಿಂದ ಒಂದು ಫೂಟ ಕೆಳಗ ಒಂದು ಸಿಗತೈತಿ. ಗ್ರೈಂಡರಿನ ಕಟಿಂಗ್ ಬ್ಲೇಡು ಹಾಕಿ ಚೌಕಟ್ಟಿಗೂ ಗ್ವಾಡಿಗೂ ನಡುವ ಪಟ್ಟಿ ಕತ್ತರಸ್ರಿ. ಆರೂ ಕತ್ತರಿಸಿದ ಮ್ಯಾಲ ಹಾರಿ ಬರೇ ತೋರಸಿದ್ರ ಸಾಕು.

ಹಳೇ ಮೂರರಾಗ ಪಟ್ಟಿ ಇರಾಕಿಲ್ಲ. ಹೊಚ್ಚಲಾ ಮತ್ತ ಮ್ಯಾಲಿನ ಅಡ್ಡಪಟ್ಟಿಯ ಕಿವಿ ಎರಡೂ ಮಗ್ಗಲಕ ಗ್ವಾಡಿಯೊಳಗ ಅರ್ಧಾ ಫೂಟಿನಷ್ಟು ಹೋಗಿರ್ತಾವು. ಕಿವಿ ಮ್ಯಾಲಿನ ಮಣ್ಣು ಪೂರಾ ಬಿಡಸಿ ಮ್ಯಾಲ ಎತ್ರಿ. ಮುಂದಕ ಜಗ್ಗಬ್ಯಾಡ್ರಿ, ಕಿವಿ ಮುರದು ಗ್ವಾಡ್ಯಾಗ ಉಳೀತಾವು.

ಹೊರಗ ಬಂದ ಮ್ಯಾಲ ಸಂದು ಬಿಚ್ಚೂದು. ಸಂದ್ಯಾಗ ಕಟ್ಟಿಗಿ ಗೂಟಾ ಇರ್ತೈತಿ, ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ. ಎರಡೂ ಮಗ್ಗಲಾ ನೋಡ್ರಿ, ಸಣ್ಣ ಗುಂಡ ಕಾಣೂ ಕಡೆಯಿಂದ ಹೊಡದು ದಪ್ಪನ ಕಡೆ ಹೊರಗ ತಗೀರಿ. ಉಲ್ಟಾ ಹೊಡದ್ರ ಇನ್ನೂ ಬಿಗಿ ಆಗಿ ಕಂಬಾನ ಬಿರೀತೈತಿ. ಗೂಟಾ ಹೋದ ಮ್ಯಾಲ ಸಂದು ಬಿಡಸಾಕ ಹಾರಿ ಬ್ಯಾಡ, ಕಟ್ಟಿಗಿ ಕೊಡತಿ ಸಾಕು.

ಕುಲುಮಿ ಕಿಡಿ:
ಮೊಳಿ ಬಗ್ಗೆ ಒಂದು ಮಾತು. ಹಳೇ ತೇಗಿನ್ಯಾಗ ತುಕ್ಕು ಹಿಡದ ಮೊಳಿ ಸೀದಾ ಜಗ್ಗಿದ್ರ ತಲಿ ಹಾರತೈತಿ, ದೇಹಾ ಒಳಗ ಉಳೀತೈತಿ. ಮೊದಲು ತಲಿ ಮ್ಯಾಲ ಒಂದು ಪೆಟ್ಟು ಕೊಟ್ಟು ಕೂದಲೆಳಿಯಷ್ಟು ಒಳಗ ಕಳಸ್ರಿ. ತುಕ್ಕಿನ ಹಿಡಿತ ಚಟ್ ಅಂತ ಬಿಟ್ಟಿದ್ದು ಕಿವಿಗೆ ಕೇಳತೈತಿ. ಆಮ್ಯಾಲ ಸೀಳಿನ್ಯಾಗ ಸಿಗಸಿ ಎತ್ರಿ. ಹಿಂದ ಮಡಚಿದ್ರ ಮೊದಲು ನೆಟ್ಟಗ ಮಾಡ್ರಿ. ಮೊಳಿ ಒಂದಿಂಚು ಎದ್ದಮ್ಯಾಲ ಹಾರಿ ಕೆಳಗ ಗಟ್ಟಿ ಹಾಕ್ರಿ, ಇಲ್ಲಂದ್ರ ಮೊಳಿ ಬಾಗಿ ತೂತು ಉದ್ದ ಹರೀತೈತಿ.

ಸೀಳಿನ ಒಳ ಅಂಚು ಚೂಪ ಇರಬೇಕು. ಹೊಸಾ ಹಾರಿಯಾಗ ಭಾಳ ಸಲ ಬಣ್ಣ ತುಂಬಿ ಮೊಂಡ ಇರ್ತೈತಿ, ಮೊಳಿ ತಲಿ ಜಾರತೈತಿ. ಅರಾ ತಗೊಂಡು ಒಳಗಿನ ಎರಡೂ ಅಂಚು ಒಂದೀಟು ಉಜ್ಜಿದ್ರ ಬ್ಯಾರೇನ ಹಾರಿ ಆಗತೈತಿ. ಅಂಗಡ್ಯಾಗ ನೋಡೂಮುಂದನೂ ಇದ ನೋಡ್ರಿ. ಸೀಳು ನೀರಹನಿ ಆಕಾರ ಇರಬೇಕು, ತುದಿಗೆ ಸಣ್ಣಗ. ಬೆನ್ನಿನ ಬಾಗು ಅಖಂಡ ಇರಬೇಕು, ತಲಿಗೂ ದಂಡಿಗೂ ನಡುವ ವೆಲ್ಡಿಂಗ್ ಗೆರಿ ಕಂಡ್ರ ಇಟ್ಟು ಬರ್ರಿ. ಬಾರಸಿದ್ರ ಗಂಟಿ ಹಂಗ ಟಣ್ ಅನಬೇಕು.

ರಾಣೆಬೆನ್ನೂರ ರೀಪು:
ಒಂದು ಮೊಳಿನೂ ಉಳಸಬ್ಯಾಡ್ರಿ. ಸಾಮಿಲ್ಲಿನ ಬ್ಯಾಂಡ್‌ಸಾ ಬ್ಲೇಡಿಗೆ ಒಂದು ಮೊಳಿ ಸಿಕ್ರ ಹಲ್ಲು ಹೋದಂಗ. ಹಳೇ ಕಟ್ಟಿಗಿ ಸೀಳಾಕ ಅವರು ಒಲ್ಲೆ ಅನ್ನೂದು ಅದಕ್ಕ. ಕಡೀಕ ಒಂದು ಅಯಸ್ಕಾಂತ ಕಟ್ಟಿಗಿ ಮ್ಯಾಲ ಎಳೀರಿ, ಮುರದು ಒಳಗುಳದ್ದು ಮೇಲ್ಮೈ ಹತ್ರ ಇದ್ರ ಹಿಡೀತೈತಿ.

ಬೆಟಗೇರಿ ಬಾಗಲಾ:
ಕಮಾನಪಟ್ಟಿ ಮೂತಿಗೆ ಕಾವು ಹೆಂಗ ಕೊಡಸಬೇಕ್ರಿ ಕುಲುಮಿ ಅಣ್ಣಾರ? ಇಲ್ಲಿ ಕುಲುಮ್ಯಾಗ ಎಲ್ಲಾನೂ ನೀರಾಗ ಅದ್ದತಾರ.

ಕುಲುಮಿ ಕಿಡಿ:
ನೀರು ಬ್ಯಾಡ. ಕಮಾನಪಟ್ಟಿ ನೀರಾಗ ಅದ್ದಿದ್ರ ಬಿರೀತೈತಿ, ಕೆಲವೊಮ್ಮೆ ಅಲ್ಲೇ ಟಿಂಗ್ ಅಂತ ಸಪ್ಪಳ ಬರ್ತೈತಿ, ಕೆಲವೊಮ್ಮೆ ಮೂರನೇ ದಿನ ಕೆಲಸದಾಗ ಗೊತ್ತಾಗತೈತಿ. ಎಣ್ಣಿ ಬೇಕು. ಅರ್ಧಾ ಬಕೆಟ್ ಎಣ್ಣಿ, ಕೈಗೆ ಬೆಚ್ಚಗ ಹತ್ತೂವಷ್ಟು ಕಾಸಿದ್ದು. ಮಗ್ಗಲಕ ಮುಚ್ಚಾಕ ತಗಡು ಇರ್ಲಿ, ಎಣ್ಣಿಗೆ ಬೆಂಕಿ ಹತ್ತೂದುಂಟು.

ಮೂತಿ ಬಡಿಯೂಮುಂದ ಕಿತ್ತಳಿ ಕೆಂಪು ಇರಬೇಕು, ಮಬ್ಬಾದ್ರ ಮತ್ತ ಕುಲುಮಿಗೆ. ಮಬ್ಬಿನ್ಯಾಗ ಬಡದ್ರ ಒಳಗ ಬಿರುಕು ಹುಟ್ಟತೈತಿ. ಮೂತಿ ದಪ್ಪ 3-4 ಎಂಎಂ, ಇಳಿಜಾರು ಒಂದ ಮಗ್ಗಲಕ. ಆಕಾರ ಬಂದ ಮ್ಯಾಲ ಬೂದ್ಯಾಗ ಹೂತು ಸಾವಕಾಶ ಆರಸ್ರಿ. ಆಮ್ಯಾಲ ತುದಿ ಎರಡು ಇಂಚು ಅಷ್ಟ ಕಾಸ್ರಿ. ಅಯಸ್ಕಾಂತ ಹಿಡ್ಯಾಕ ಒಲ್ಲೆ ಅಂತೈತಲ್ಲ, ಅದಕ್ಕಿಂತ ಕೂದಲೆಳಿ ಜಾಸ್ತಿ ಕೆಂಪು ಆದಾಗ ಎಣ್ಣ್ಯಾಗ ಅದ್ರಿ. ಅದ್ದಿದ ಮ್ಯಾಲ ಅರಾ ಅದರ ಮ್ಯಾಲ ಜಾರಬೇಕು, ಕಚ್ಚಬಾರದು.

ಇಷ್ಟಕ್ಕ ಬಿಟ್ರ ಗಾಜು ಅದು. ತುದಿ ಒಂದು ಮಗ್ಗಲಾ ಉಜ್ಜಿ ಬೆಳ್ಳಗ ಮಾಡಿ, ಹಿಂದಿನ ದಂಡಿ ಕಡೆಯಿಂದ ಸಾವಕಾಶ ಕಾಸ್ರಿ. ಬಣ್ಣ ಓಡಿ ಬರೂದು ಕಾಣ್ತೈತಿ, ಮೊದಲು ಒಣಹುಲ್ಲಿನ ಹಳದಿ, ಆಮ್ಯಾಲ ಕಂದು, ನೇರಳಿ, ನೀಲಿ. ಚಾಣಕ್ಕ ನೇರಳಿ ಸಾಕು. ಹಾರಿಗೆ ನೀಲಿ ಬರಬೇಕು, 300 ಡಿಗ್ರಿ ಹತ್ರ ಅದು. ನೀಲಿ ತುದಿಗೆ ಮುಟ್ಟಿದ ಕೂಡ್ಲೆ ಮತ್ತ ಎಣ್ಣ್ಯಾಗ ಅದ್ದಿ ನಿಲ್ಲಸ್ರಿ. ಸಂಜೀಮುಂದ ಮಬ್ಬು ಬೆಳಕಿನ್ಯಾಗ ಬಣ್ಣ ಛಲೋ ತಿಳಿಯಾಕಿಲ್ಲ, ಹಗಲು ನೆರಳಿನ್ಯಾಗ ಮಾಡಸ್ರಿ.

ಮುಂದ ಮೂತಿ ಮೊಂಡ ಆದಾಗ ಗ್ರೈಂಡರಿಗೆ ಹಿಡದು ಆ ನೀಲಿ ಮತ್ತ ಬರೂವಂಗ ಕಾಸಬ್ಯಾಡ್ರಿ. ಎರಡು ಸೆಕೆಂಡ್ ಹಿಡೀರಿ, ನೀರಾಗ ಅದ್ರಿ. ಕೈಗೆ ಬಿಸಿ ತಡೀದಷ್ಟು ಆತಂದ್ರ ನಿಲ್ಲಸ್ರಿ.

ಬ್ಯಾಡಗಿ ಕಡ್ಡಿ:
ಈ ವಿವರಣಿ ಓದಿ ಹಾರಿ ಬಿಟ್ಟು ಕುಲುಮಿ ಹಾಕೂ ವಿಚಾರ ಬರಾಕತ್ತೈತಿ.

ಫರ್ಸಿ ಕೆಲಸದಾಂವ:
ಬೆಟಗೇರಿಯವರ, ಒಂದು ಮರತಿದ್ದೆ. ಪಡಸಾಲ್ಯಾಗ ಹಾರಿ ಹಾಕೂ ಮೊದಲು ಒಂದೊಂದ ಫರ್ಸಿ ಬಾರಸಿ ನೋಡ್ರಿ. ಡಬ್ ಡಬ್ ಅಂತ ಪೊಳ್ಳ ಸಪ್ಪಳ ಬಂದ್ರ ಎರಡು ಅರ್ಥ. ಒಂದು, ಗಾರಿ ಬಿಟ್ಟೈತಿ, ಸಲೀಸ ಬರ್ತೈತಿ. ಎರಡು, ಕೆಳಗ ಹಗೇವು ಐತಿ. ನಮ್ಮ ಕಡೆ ಹಳೇ ಮನಿಯೊಳಗ ಜೋಳಾ ತುಂಬೂ ಹಗೇವಿನ ಬಾಯಿ ಮ್ಯಾಲ ಕಲ್ಲು ಮುಚ್ಚಿ ಫರ್ಸಿ ಹಾಕಿಬಿಟ್ಟಿರ್ತಾರ.

ನಿಯಮದ ಪ್ರಕಾರ:
ಹಗೇವು ಸಿಕ್ಕರೆ ಯಾರೂ ಇಳಿಯಬಾರದು. ವರ್ಷಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಆಮ್ಲಜನಕ ಇರುವುದಿಲ್ಲ, ಇಳಿದವರು ಕೂಗುವುದಕ್ಕೂ ಮೊದಲು ಬೀಳುತ್ತಾರೆ. ಅವರನ್ನು ಎತ್ತಲು ಇಳಿದವರೂ ಬೀಳುತ್ತಾರೆ. ದೀಪ ಇಳಿಬಿಟ್ಟು ನೋಡುವ ಪದ್ಧತಿ ಇದೆ, ದೀಪ ಆರದಿದ್ದರೂ ಸುರಕ್ಷಿತ ಎಂದು ಅರ್ಥವಲ್ಲ. ಮೇಲಿನಿಂದಲೇ ಮಣ್ಣು ತುಂಬಿಸಿ ಬಿಡಿ.

ಜಂತಿ ಲೆಕ್ಕಾ:
ಮತ್ತ ಹಾರಿ ಹಾಕಿದ ಸಂದ್ಯಾಗ ಬರಿಗೈ ಹಾಕಬ್ಯಾಡ್ರಿ. ಮಣ್ಣಿನ ಗ್ವಾಡಿ ಅಂದಮ್ಯಾಲ ಚೇಳು ಇದ್ದ ಇರ್ತಾವ.

ಜಂತಿ ಇಳಸೂದು ಹೇಳಿಬಿಡ್ತೀನಿ. 6×6 ಇಂಚಿಂದು 10 ಫೂಟ ಉದ್ದ ಇದ್ರ ಎರಡೂವರಿ ಘನಫೂಟ, ತೇಗು ಆದ್ರ 46 ಕೆಜಿ ಆಸುಪಾಸು. ಗ್ವಾಡಿಯೊಳಗ ಹೋದ ತುದಿ ಮೊದಲು ಸ್ಕ್ರೂಡ್ರೈವರಿಲೆ ಚುಚ್ಚಿ ನೋಡ್ರಿ, ಗೆದ್ದಲ ತಿಂದಿರೂದು ಅಲ್ಲೇ. ಅರ್ಧಾ ಇಂಚಿಗಿಂತ ಒಳಗ ಹೋತಂದ್ರ ಆ ಜಂತಿ ಕೆಳಗ ಯಾರೂ ನಿಲ್ಲಬಾರದು, ಟೇಕು ಕೊಟ್ಟ ಮುಟ್ಟಬೇಕು. ಒಂದು ತುದಿಯ ಮ್ಯಾಲಿನ ಮಣ್ಣು ಬಿಡಸಿ ಐದು ಫೂಟಿನ ಹಾರಿಲೆ ಆ ತುದಿ ಮ್ಯಾಲ ಎತ್ರಿ, ಮಗ್ಗಲಕ ಸರಸ್ರಿ, ಹಗ್ಗದಿಂದ ಇಳಸ್ರಿ. ಹಗ್ಗ ಕಟ್ಟೂದು ಹಾರಿ ಹಾಕೂದಕ್ಕಿಂತ ಮೊದಲು, ಆಮ್ಯಾಲ ಅಲ್ಲ.

ನಿಯಮದ ಪ್ರಕಾರ:
ಕಟ್ಟಡ ತ್ಯಾಜ್ಯಕ್ಕೆ 2016ರಿಂದಲೇ ಪ್ರತ್ಯೇಕ ನಿಯಮ ಇದೆ. ಮಣ್ಣು, ಗಾರೆ, ಕಲ್ಲು ಬೀದಿಗೆ, ಗಟಾರಕ್ಕೆ ಸುರಿಯುವಂತಿಲ್ಲ. ನಗರಸಭೆಗೆ ಮೊದಲೇ ತಿಳಿಸಿ, ಎಲ್ಲಿ ಹಾಕಬೇಕೆಂದು ಕೇಳಿಕೊಳ್ಳಿ.

ಉಣಕಲ್ ದಂಡಿ:
ಹಾಳಮಣ್ಣು ಸುರಿಯೂ ಪ್ರಸಂಗ ಬರೂದಿಲ್ಲ ಬಿಡ್ರಿ. ಇನ್ನೂ ಮಾಳಗಿ ಇಟ್ಟುಕೊಂಡ ಹಳ್ಳಿ ಮಂದಿ ಟ್ರ್ಯಾಕ್ಟರ್ ತಂದು ಒಯ್ತಾರ.

ಬೆಟಗೇರಿ ಬಾಗಲಾ:
ಹಿಂಗ ಮಾಡ್ತೀನ್ರಿ. 28 ಎಂಎಂ ಇಎನ್8ದು ಐದು ಫೂಟಿಂದು ಒಂದು, ಕಮಾನಪಟ್ಟೀದು ಒಂದೂವರಿ ಫೂಟಿಂದು ಎರಡು, ಎಣ್ಣ್ಯಾಗ ಅದ್ದಿಸಿ. ಆ ದವಡಿದು 18 ಇಂಚಿಂದು ಒಂದು, ರೀಪಿಗೆ ಮತ್ತ ಮೊಳಿಗೆ. ಜಾಲಿ ಗಟ್ಟಿ ನಾಕು. 30 ಇಂಚಿಂದು ಬಿಟ್ಟೆ.

ಉಣಕಲ್ ದಂಡಿ:
30 ಬಿಟ್ಟಿದ್ದು ಸರಿ ಅಲ್ಲ, ಆದ್ರೂ ನಿಮ್ಮ ಮನಿ. 18ರದ್ದನ್ನ ಜಗ್ಗೂಮುಂದ ಕಾಲು ಮುಂದ ಹಿಂದ ಇಟ್ಟು ನಿಲ್ರಿ, ಮೈಭಾರ ಪೂರಾ ಹಾಕಬ್ಯಾಡ್ರಿ. ಮೊಳಿ ಒಮ್ಮೆಗೇ ಬಿಟ್ರ ಹಿಂದ ಬೀಳ್ತೀರಿ. ಮಾರಿ ಹಾರಿ ದಂಡಿ ಸಾಲಿನ್ಯಾಗ ಇರಬಾರದು.

ರಾಣೆಬೆನ್ನೂರ ರೀಪು:
ಬಿಚ್ಚೂ ಮೊದಲು ನಂಬರ್ ಹಾಕ್ರಿ. ಖಡುವಿಲೆ ಬರದ್ರ ಒಂದ ಮಳಿಗೆ ಹೋಗತೈತಿ, ಬಣ್ಣದ್ದು ರಂದಾ ಹೊಡ್ಯೂಮುಂದ ಹೋಗತೈತಿ. ಸಂದಿನ ಒಳಮಗ್ಗಲಕ, ಕೂಡಿಸಿದ ಮ್ಯಾಲ ಕಾಣದ ಜಾಗಾದಾಗ, ಉಳಿಲೆ ಗೆರಿ ಹೊಡೀರಿ. ಮೊದಲನೇ ಚೌಕಟ್ಟಿಗೆ ಒಂದು ಗೆರಿ, ಎರಡನೇದಕ್ಕ ಎರಡು. ಎಡಕಂಬಕ್ಕ ಗೆರಿ ಸೊಟ್ಟ, ಬಲಕಂಬಕ್ಕ ನೆಟ್ಟಗ. ನಾಕನೇ ಚೌಕಟ್ಟಿನ ಎಡಕಂಬಾ ಎರಡನೇದಕ್ಕ ಹಾಕಿ ಬಡಿಗ್ಯಾರ ಕೊಡತಿ ತಗೊಂಡ ಮ್ಯಾಲ ಬಿಡಸಾಕ ಯಾವ ಹಾರಿನೂ ಬರೂದಿಲ್ಲ.